ಆಹ್ವಾನ ಪತ್ರಿಕೇಲಿ ಪ್ರಶ್ನೆಗೆ ಎರಡೇ ನಿಮಿಷ

ಗುಂಪು: ವಿಭಾಗದ ಹಳೇ ವಿದ್ಯಾರ್ಥಿಗಳು, ಹಾಸನ

ಮಂಜಣ್ಣ: (ಫೋಟೋ) ವಿಭಾಗದ ಸಾರ್ವಜನಿಕ ಉಪನ್ಯಾಸ. ವಿಷಯ ಗ್ರಾಮ ಪಂಚಾಯ್ತಿ ಹಣಕಾಸು. ಬೆಳಿಗ್ಗೆ 10:30ರಿಂದ 1 ಗಂಟೆ. ನಾಳೆ ಪ್ರೆಸ್ಸಿಗೆ ಹೋಗುತ್ತೆ, ತಿದ್ದೋದಿದ್ರೆ ಇವತ್ತೇ ಹೇಳಿ.

ಆಲೂರು ಲೋಕಿ: ಒಂಬತ್ತು ಜನರ ಫೋಟೋ ಐತೆ. ಉಪನ್ಯಾಸ ಕೊಡೋರು ಯಾರಣ್ಣ ಇದರಲ್ಲಿ?

ಮಂಜಣ್ಣ: ಕೆಳಗಡೆ ಎಡಕ್ಕೆ.

ಶೋಭಕ್ಕ: ಲೆಕ್ಕ ಹಾಕ್ದೆ ಮಂಜಣ್ಣ. ಪ್ರಾರ್ಥನೆ, ದೀಪ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ಸೇರಿ 25 ನಿಮಿಷ. ಒಂಬತ್ತು ಸನ್ಮಾನ, ತಲೆಗೆ 2ರಂತೆ 18. ನಾಲ್ಕು ಅತಿಥಿಗಳು, ತಲಾ 10. ಅಧ್ಯಕ್ಷರ ಮಾತು 15. ಅಲ್ಲಿಗೆ 98. ಉಪನ್ಯಾಸ 45, ವಂದನಾರ್ಪಣೆ 5. ಒಟ್ಟು 150ರಲ್ಲಿ ಜನರ ಪ್ರಶ್ನೆಗೆ ಉಳಿದದ್ದು 2 ನಿಮಿಷ. ಅದೂ ಸರಿಯಾದ ಹೊತ್ತಿಗೆ ಶುರುವಾದ್ರೆ.

ಮಂಜಣ್ಣ: ಹೆಸರು ಬಿಟ್ರೆ ಶಿಷ್ಟಾಚಾರ ಉಲ್ಲಂಘನೆ ಅಂತ ಪತ್ರ ಬರುತ್ತಕ್ಕ. ಆಮೇಲೆ ಉತ್ತರ ಬರೆಯೋರು ಯಾರು?

ಗೌಡ್ರು ಸರ್: ಮಂಜು ಹೇಳೋದರಲ್ಲಿ ಅರ್ಧ ಸತ್ಯ ಇದೆ. ಆದರೆ ಆ ತಕರಾರು ಹುಟ್ಟೋದೇ ‘ಉದ್ಘಾಟನೆ’ ಅನ್ನೋ ಪದದಿಂದ. ಉದ್ಘಾಟನೆ ಅಂದ್ಮೇಲೆ ಉದ್ಘಾಟಕರು ಬೇಕು, ಅವರ ಪಕ್ಕಕ್ಕೆ ಘನ ಉಪಸ್ಥಿತಿ ಬೇಕು, ಹೆಸರುಗಳ ಮೇಲುಕೆಳಗು ಶುರು. ‘ಸಂವಾದ’ ಅಂತ ಹಾಕಿ. ವೇದಿಕೆ ಮೇಲೆ ಮೂರೇ ಕುರ್ಚಿ: ಮಾತಾಡೋರು, ನಡೆಸಿಕೊಡೋರು, ಒಬ್ಬ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ಕುಲಸಚಿವರ ಹತ್ರ ಟಿಪ್ಪಣಿಗೆ ಮೊದಲೇ ಸಹಿ ಹಾಕಿಸಿ. ಗಣ್ಯರಿಗೆ ಬೇರೆ ಪತ್ರ ಬರೆದು ಮುಂದಿನ ಸಾಲಿಗೆ ಕರೀರಿ.

ಲೋಕಿ: ದುಡ್ಡು ಬರುತ್ತೆ, ತಿಂತಾರೆ. ಇದಕ್ಕೆ ಸಂವಾದ ಬೇರೆ 🙏

ಶೋಭಕ್ಕ: ತಿನ್ನೋರು ಇಲ್ಲ ಅಂದೋರ್ಯಾರು? ಆದ್ರೆ ಏನು ಬರುತ್ತೆ ಅಂತ ಗೊತ್ತಿಲ್ಲದೆ ಏನು ತಿಂದ್ರು ಅಂತ ಹೆಂಗೆ ಕೇಳ್ತೀಯೋ? 15ನೇ ಹಣಕಾಸು ಆಯೋಗದ ಅನುದಾನ, 2021-22ರಿಂದ 2025-26ರದ್ದು, ತಗೋ. 100 ರೂಪಾಯಿ ಬಂದ್ರೆ 30 ನೈರ್ಮಲ್ಯಕ್ಕೆ, 30 ಕುಡಿಯೋ ನೀರಿಗೆ. ಈ 60 ಟೈಡ್, ಬೇರೆ ಕಡೆ ತಿರುಗಿಸೋ ಹಾಗಿಲ್ಲ. ಉಳಿದ 40 ಊರಿನ ಅಗತ್ಯಕ್ಕೆ, ಆದ್ರೆ ಸಂಬಳಕ್ಕೆ ಅದೂ ಇಲ್ಲ. ನೀರುಗಂಟಿಗೆ ಆ ದುಡ್ಡಲ್ಲಿ ಒಂದು ರೂಪಾಯಿ ಸಂಬಳ ಕೊಡಂಗಿಲ್ಲ. ಪೈಪ್ ಹಾಕಬಹುದು, ಅದರ ವಾಲ್ವ್ ತಿರುಗಿಸೋನಿಗೆ ಬೇರೆ ಕಡೆಯಿಂದ ತರಬೇಕು. ಅದಕ್ಕೇ ಮನೆ ಕಂದಾಯ ವಸೂಲಿ ಅಷ್ಟು ಮುಖ್ಯ.

ಲೋಕಿ: ಇದನ್ನ ಪತ್ರಿಕೇಲಿ ಹಾಕ್ಬೋದಿತ್ತಲ್ಲ. ‘ವಿಕೇಂದ್ರೀಕರಣದ ಸವಾಲುಗಳು ಮತ್ತು ಸಾಧ್ಯತೆಗಳು’ ಅಂದ್ರೆ ಯಾರು ಬರ್ತಾರೆ?

ಗೌಡ್ರು ಸರ್: ಇನ್ನೊಂದು. ಕೆಳಗಿನ ಟಿಪ್ಪಣಿಯಲ್ಲಿ ‘ಮಹಿಳಾ ಮೀಸಲಾತಿ ಸಂವಿಧಾನದ 73ನೇ ತಿದ್ದುಪಡಿಯಿಂದ ಆರಂಭ’ ಅಂತಿದೆ. ದೇಶದ ಮಟ್ಟಕ್ಕೆ ಸರಿ, 1993ರ ಏಪ್ರಿಲ್ 24ರಿಂದ ಜಾರಿ. ಕರ್ನಾಟಕದಲ್ಲಿ 1983ರ ಕಾಯ್ದೆಯಲ್ಲೇ ಶೇ 25 ಇತ್ತು, 1987ರ ಚುನಾವಣೆಯಲ್ಲಿ ನಡೆದೂ ಆಯ್ತು. ಆ ಕಾಯ್ದೆ ತಂದ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಹೆಸರಿಲ್ಲದೆ ಈ ವಿಷಯ ಅಚ್ಚಾದ್ರೆ ನಮಗೇ ನಾಚಿಕೆ.

ಮಂಜಣ್ಣ: ತಿದ್ದಿಸ್ತೀನಿ ಸರ್.

ಶೋಭಕ್ಕ: ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಮಾತೇ ಇಲ್ಲ. 2016ರಲ್ಲಿ ಚುನಾವಣೆ ಆಯ್ತು, 2021ಕ್ಕೆ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿ. ಚುನಾಯಿತ ಸಮಿತಿ ಇಲ್ಲದ ಕಡೆಗೆ ಆಯೋಗದ ದುಡ್ಡು ಬರಲ್ಲ. ಮೊದಲ ಪ್ರಶ್ನೆ ಅದೇ ಬರುತ್ತೆ ನೋಡ್ತಿರಿ.

ಮಂಜಣ್ಣ: ಪ್ರಶ್ನೆಗೆ ಮೈಕ್ ಕೊಟ್ರೆ ಭಾಷಣ ಶುರು ಮಾಡ್ತಾರಲ್ಲ, ಅದಕ್ಕೇನು ಮಾಡೋದು?

ನಂದಿನಿ: ಮೈಕ್ ಕೊಡಬೇಡಿ ಅಣ್ಣ, ಹಿಡೀರಿ. ಸ್ವಯಂಸೇವಕರು ಮೈಕನ್ನ ಕೇಳೋರ ಬಾಯಿ ಹತ್ರ ಹಿಡೀಬೇಕು, ಅವರ ಕೈಗೆ ಬಿಡಬಾರದು. ಒಂದು ನಿಮಿಷ ಆದ ಕೂಡ್ಲೇ ಅರ್ಧ ಹೆಜ್ಜೆ ಹಿಂದೆ ಸರಿದ್ರೆ ಅವರಿಗೇ ಅರ್ಥ ಆಗುತ್ತೆ. ಕಾರ್ಡ್‌ಲೆಸ್ ಎರಡು ಇರ್ಲಿ, ಹೊಸ ಸೆಲ್ ಹಾಕಿ. ಸಾಮಾನ್ಯವಾಗಿ ಸ್ವಾಗತದವರೇ ಅರ್ಧ ಸೆಲ್ ಖಾಲಿ ಮಾಡಿರ್ತಾರೆ 😄

ನಂದಿನಿ: ಅದಕ್ಕಿಂತ ಚೀಟಿ ವಾಸಿ. 200 ಜನಕ್ಕೆ 100 ಚೀಟಿ ಸಾಕು, ಎ4 ಹಾಳೆ ನಾಲ್ಕಾಗಿ ಕತ್ತರಿಸಿ. ಮೇಲೆ ಪಂಚಾಯ್ತಿ ಹೆಸರು, ಕೆಳಗೆ ಎರಡೇ ಗೆರೆ. ಕೇಳೋರ ಹೆಸರಿಗೆ ಜಾಗನೇ ಬೇಡ. ಎದುರಿಗೆ ಪಿಡಿಓ ಕೂತಿರ್ತಾರೆ, ಹೆಸರು ಬರೆದು ಯಾರು ಕೇಳ್ತಾರೆ?

ಶೋಭಕ್ಕ: ಸರಿಯಾಗಿ ಹೇಳ್ದೆ. ಅರ್ಧ ಚೀಟಿ ‘ನಮ್ಮನೆ ಇ-ಸ್ವತ್ತು ಆಗಿಲ್ಲ’ ಅಂತಾನೇ ಬರುತ್ತೆ. ಅವನ್ನ ವೇದಿಕೆಗೆ ಕಳಿಸಬೇಡಿ. ಹೊರಗೆ ಒಂದು ಮೇಜು ಹಾಕಿ, ಇ-ಸ್ವತ್ತು ಅಂದ್ರೆ ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ, ಅದರ ನಮೂನೆ 9, 11 ಗೊತ್ತಿರೋ ಒಬ್ಬರನ್ನ ಕೂರಿಸಿ. ಅದು ಅವರಿಗೆ ದೊಡ್ಡ ವಿಷಯ, ತಳ್ಳಿಹಾಕಬಾರದು. ಆದ್ರೆ ಸಭೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಲೋಕಿ: ಅಂಕಿಅಂಶ ಎಲ್ಲಿಂದ ತರ್ತೀರಿ?

ಶೋಭಕ್ಕ: ಕೇಂದ್ರ ಸರ್ಕಾರದ ಇ-ಗ್ರಾಮ್‌ಸ್ವರಾಜ್ ಜಾಲತಾಣ ತೆಗಿ, ಪಂಚಾಯ್ತಿವಾರು ಯೋಜನೆ, ಖರ್ಚು ಸಿಗುತ್ತೆ. ಮೂರೇ ಪಂಚಾಯ್ತಿ ಸಾಕು: ಸಕಲೇಶಪುರ ಕಡೇದೊಂದು, ಅರಸೀಕೆರೆ ಕಡೇದೊಂದು, ಹಾಸನ ಸಿಟಿ ಅಂಚಿಂದೊಂದು. ಅರಸೀಕೆರೆ ಕಡೆ ಬೋರ್‌ವೆಲ್ ಮೋಟರಿನ ಕರೆಂಟ್ ಬಿಲ್ ಕಣ್ಣಿಗೆ ಹೊಡೆಯುತ್ತೆ, ಸಿಟಿ ಅಂಚಿನದರಲ್ಲಿ ಲೇಔಟ್ ಕಂದಾಯ. ಒಂದೇ ಹಾಳೆಗೆ ಅಚ್ಚು ಹಾಕಿ ಬಾಗಿಲಲ್ಲೇ ಕೊಡಿ. ಭಾಷಣ ಮುಗಿದ ಮೇಲೆ ಕೊಟ್ರೆ ಅದರಲ್ಲಿ ಕಡ್ಲೆಪುರಿ ಕಟ್ಕೊಂಡು ಹೋಗ್ತಾರೆ.

ಮಂಜಣ್ಣ: ಸರಿ. 11ರಿಂದ 1. ನಾಡಗೀತೆ, ಸ್ವಾಗತ 10 ನಿಮಿಷ, ಉಪನ್ಯಾಸ 40, ಪ್ರಶ್ನೆ 60. ತಡ ಆಗೋದಕ್ಕೆ ಅಂತ 10. ಅರಕಲಗೂಡು ಕಡೆಯವರಿಗೂ ಊಟಕ್ಕೆ ಮುಂಚೆ ಬಸ್ ಸಿಗುತ್ತೆ.

ಲೋಕಿ: 10 ನಿಮಿಷ ಸಾಕಾಗುತ್ತಾ ಅಣ್ಣ?

ಗೌಡ್ರು ಸರ್: ನಾಡಗೀತೆಗೆ 2022ರಲ್ಲಿ ಸರ್ಕಾರವೇ 2 ನಿಮಿಷ 30 ಸೆಕೆಂಡ್ ನಿಗದಿ ಮಾಡಿದೆಯಪ್ಪ. ಸ್ವಾಗತಕ್ಕೆ ಮಾತ್ರ ಇನ್ನೂ ಆದೇಶ ಬಂದಿಲ್ಲ.

ಮಂಜಣ್ಣ: ಶಾಲು ಒಂಬತ್ತು ತಂದಾಗಿದೆಯಲ್ಲ ಸರ್, ಏನು ಮಾಡ್ಲಿ?

ಶೋಭಕ್ಕ: ಅಂಗಡಿಯವರು ವಾಪಸ್ ತಗೋತಾರಾ ಕೇಳು.