ಬೋರ್ಡ್ ಗೇಮ್ ಮಾಡೋರು ದಿನಾ ಕುಂತು ಏನ್ ಮಾಡ್ತಾರ್ರೀ? ಮನ್ಯಾಗ ದೊಡ್ಡ ವಾದ ನಡದದ

ಮಾನ್ವಿ_ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ನನ್ನ ತಮ್ಮ ಬೆಂಗಳೂರಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಾಗ ಇದ್ದ, ಈಗ ಬಿಟ್ಟು ಬಂದು ಬೋರ್ಡ್ ಗೇಮ್ ಮಾಡ್ತೀನಿ ಅಂತ ಕುಂತಾನ. ಮುಂಜಾನಿಂದ ರಟ್ಟು ಕತ್ತರಸ್ತಾನ, ಗೀಟು ಹಾಕ್ತಾನ, ಸಂಜಿಗೆ ಅಳಸ್ತಾನ, ಮತ್ತ ಮರುದಿನ ಅದೇ. ಅಪ್ಪಾರು ‘ಇದೇನು ಕೆಲಸನಾ ಆಟನಾ’ ಅಂತ ಕೇಳ್ತಾರ, ಅವಗ ಉತ್ತರ ಹೇಳ್ಲಿಕ್ಕೆ ಬರವಲ್ದು, ನನಗಂತೂ ಗೊತ್ತೇ ಇಲ್ಲ. ನಮ್ಮ ಕಡೆ ಯಾರಾದ್ರೂ ಈ ಕೆಲಸ ಮಾಡೋರು ಇದ್ರ ಹೇಳ್ರಿ, ದಿನಪೂರ್ತಿ ಏನಿರ್ತದ ಅದರಾಗ? ರೊಕ್ಕ ಬರ್ತದನ? ಇನ್ನೊಂದು, ಯಾರಿಗೂ ತೋರಸಂಗಿಲ್ಲ ಅವ, ಐಡಿಯಾ ಕದಿತಾರ ಅಂತ ಬೀರುದಾಗ ಇಟ್ಟು ಕೀಲಿ ಹಾಕ್ತಾನ.

ಕವಡಿ_ಗಂಗಾವತಿ:
ನಾನು ಇದನ್ನೇ ಮಾಡ್ತೀನಿ, ಅರ್ಧ ದಿನ. ಇನ್ನರ್ಧ ದಿನ ರೈಸ್ ಮಿಲ್ಲಿನ ಲೆಕ್ಕ ಬರಿತೀನಿ, ಮನಿ ನಡಿಯೋದು ಅದರ ಮ್ಯಾಲೆ. ಮೊದಲ ಅದನ್ನ ಹೇಳಿಬಿಡ್ತೀನಿ ಯಾಕಂದ್ರ ನಿಮ್ಮಪ್ಪಾರು ಕೇಳೋದು ಅದ.

ಹೊಸ ಐಡಿಯಾ ಹೊಳಿಯೋದು ಈ ಕೆಲಸದಾಗ ಭಾಳ ಸಣ್ಣ ಭಾಗ ನೋಡ್ರಿ. ಉಳಿದಿದ್ದೆಲ್ಲಾ ಲೆಕ್ಕ, ಕತ್ತರಿ, ಮತ್ತ ಮಂದಿ ಆಡೋದು ನೋಡಿಕೋತ ಸುಮ್ಮನ ಕೂಡೋದು. ಈಗ ನಾ ಮಾಡಾಕತ್ತಿದ್ದು ತುಂಗಭದ್ರಾ ಎಡದಂಡೆ ಕಾಲುವಿ ಮ್ಯಾಲಿನ ಆಟ. ಒಬ್ಬೊಬ್ಬರಿಗೆ ಒಂದೊಂದು ಊರು, ಮ್ಯಾಲಿನ ಊರವ ಮೊದಲ ನೀರು ತಗೋತಾನ, ಭತ್ತ ಹಚ್ಚಿದ್ರ ರೊಕ್ಕ ಜಾಸ್ತಿ ಆದ್ರ ನೀರೂ ಜಾಸ್ತಿ ಬೇಕು, ಜ್ವಾಳಕ್ಕ ಕಮ್ಮಿ. ಕೇಳಾಕ ಚಂದ ಐತಲ್ಲ? ಆಡಾಕ ಕುಂತ್ರ ಮ್ಯಾಲಿನವನೇ ಗೆಲ್ತಾನ, ಕೊನೆಯವ ಅರ್ಧ ತಾಸಿನಾಗ ಮೊಬೈಲ್ ತಗೀತಾನ. ನನ್ನ ನೋಟ್‌ಬುಕ್ಕಿನಾಗ ಬರಿಯೋದು ಅದನ್ನ: ಯಾರು ಯಾವಾಗ ಮೊಬೈಲ್ ತಗದ್ರು, ಯಾವ ನಿಯಮ ಎರಡು ಸಲ ಕೇಳಿದ್ರು, ಒಬ್ಬನ ಪಾಳಿ ಎಷ್ಟು ಹೊತ್ತು ಹಿಡೀತು. ‘ಚಲೋ ಐತಿ ಅಣ್ಣ’ ಅಂದಿದ್ದನ್ನ ಬರಿಯಂಗಿಲ್ಲ, ಅದು ಎಲ್ಲಾರೂ ಅಂತಾರ.

ಆಮ್ಯಾಲೆ ಮರುದಿನ ಮುಂಜಾನೆ ಒಂದೇ ಒಂದು ನಿಯಮ ಬದಲಿ ಮಾಡೋದು. ಎರಡು ಕೂಡೇ ಬದಲಿಸಿದ್ರ ಯಾವುದರಿಂದ ಸರಿ ಆತು ಯಾವುದರಿಂದ ಕೆಡ್ತು ತಿಳಿಯಂಗಿಲ್ಲ.

ಲೆಕ್ಕ ಅಂದ್ನಲ್ಲ, ಒಂದು ಹೇಳ್ತೀನಿ. ಡ್ಯಾಮಿಗೆ ಎಷ್ಟು ನೀರು ಬಂತು ಅನ್ನೋದನ್ನ ಮೊದಲ ಚೌಕಾಬಾರದ ಗತೆ ಕವಡಿಯಿಂದ ತಗೀತಿದ್ದೆ. 4 ಕವಡಿ, ಅಂಗಾತ ಬೋರಲು ಸಮ ಬೀಳ್ತಾವ ಅಂತ ಹಿಡದ್ರ ಒಟ್ಟು 16 ರೀತಿ. ಅದರಾಗ 2 ಬೀಳೋದು 6 ರೀತಿ, 1 ಮತ್ತ 3 ನಾಕ್ನಾಕು, ಚೌಕ ಅಂದ್ರ 4, ಬಾರ ಅಂದ್ರ 8, ಅವು ಒಂದೊಂದು. ಖರೇ ಕವಡಿ ಸಮ ಬೀಳಂಗಿಲ್ಲ ಬಿಡ್ರಿ, ಒಂದು ಮಗ್ಗಲಿಗೆ ವಾಲ್ತಾವ. ಚೌಕಾಬಾರದಾಗ ಬಾರ ಬಿದ್ರ ಒಬ್ಬನ ಕಾಯಿ ಮುಂದ ಹೋಗ್ತೈತಿ ಅಷ್ಟ, ನನ್ನ ಆಟದಾಗ ಬಾರ ಬಿದ್ರ ಎಲ್ಲಾರ ಹೊಲಕ್ಕೂ ನೀರು ಸಾಕಾಗಿ ಜಗಳಾನ ಮುಗೀತು, ಜಗಳ ಮುಗದ್ರ ಆಟ ಮುಗದಂಗ. ಅದಕ್ಕ ಕವಡಿ ತಗದು 12 ಕಾರ್ಡ್ ಇಟ್ಟೆ. ಕಾರ್ಡಿನಾಗ ವರ್ಷದ ಒಟ್ಟು ನೀರು ಎಲ್ಲಾರಿಗೂ ಗೊತ್ತು, ಯಾವ ತಿಂಗಳ ಎಷ್ಟು ಬರ್ತೈತಿ ಅನ್ನೋದು ಗೊತ್ತಿಲ್ಲ, ಹೋದದ್ದನ್ನ ಎಣಿಸಿ ಉಳಿದದ್ದನ್ನ ಊಹೆ ಮಾಡಬಹುದು. ಇದು ಹೊಳ್ಯಾಕ ಒಂದು ಮಳಿಗಾಲ ಹೋತು. ಕಾರ್ಡಿನಾಗ ಒಂದು ‘19ನೇ ಗೇಟ್’ ಐತಿ, ತುಂಗಭದ್ರಾ ಡ್ಯಾಮಿಂದು, 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಕೊಚ್ಚಿಕೊಂಡು ಹೋತಲ್ಲ ಅದು. ಅದು ಬಂದ್ರ ಡ್ಯಾಮಿನ ನೀರೆಲ್ಲಾ ಅರ್ಧ. ನಮ್ಮ ಕಡೆಯವರು ನೋಡಿದ ಕೂಡಲೇ ನಗ್ತಾರ, ಬೆಂಗಳೂರವರಿಗೆ ಕಥಿ ಹೇಳಬೇಕು.

ರೊಕ್ಕ: ಆಟ ಛಾಪಿಸಿ ಮಾರೋ ಕಂಪನಿಗೆ ಕೊಟ್ರ ರಾಯಲ್ಟಿ, ಅಂದ್ರ ಒಂದೊಂದು ಡಬ್ಬಿಗೆ ನಿಮಗ ಬರೋ ಪಾಲು, ಸಾಮಾನ್ಯವಾಗಿ ಅವರು ಅಂಗಡಿಗೆ ಮಾರೋ ರೇಟಿನ ಮ್ಯಾಲೆ ನೂರಕ್ಕ 5ರಿಂದ 8. ಡಬ್ಬಿ ಮ್ಯಾಲೆ 1000 ರೂಪಾಯಿ ಇದ್ದು ಅಂಗಡಿಗೆ 500ಕ್ಕ ಹೋತು ಅಂದ್ರ, ನೂರಕ್ಕ 6ರಂಗ ನಿಮಗ ಒಂದು ಡಬ್ಬಿಗೆ 30 ರೂಪಾಯಿ. ಸಾವಿರ ಡಬ್ಬಿ ಮಾರಿದ್ರ 30,000. ಕಟಾನ್ ಅನ್ನೋ ಹೆಸರಾದ ಬೋರ್ಡ್ ಗೇಮ್ ಮಾಡಿದ ಕ್ಲಾಸ್ ಟಾಯ್ಬರ್ ಹಲ್ಲಿನ ಲ್ಯಾಬ್ ನಡಸ್ತಿದ್ದ, 1995ರಾಗ ಆಟ ಬಂತು, ಅದೇ ವರ್ಷ ಜರ್ಮನಿಯ ದೊಡ್ಡ ಬಹುಮಾನನೂ ಬಂತು, ಆದ್ರೂ ಕೂಡಲೇ ಲ್ಯಾಬ್ ಬಿಡಲಿಲ್ಲ. ತಮ್ಮಗ ಇದನ್ನ ಹೇಳ್ರಿ.

ಪ್ರೆಸ್_ಬಳ್ಳಾರಿ:
ನಮ್ಮ ಪ್ರೆಸ್ಸಿಗೂ ಇಂಥೋರು ಒಬ್ಬಿಬ್ರು ಬರ್ತಾರೆ, ಲಗ್ನಪತ್ರಿಕೆ ಸೀಸನ್ನಿನಲ್ಲೇ ಬರ್ತಾರೆ ನೋಡಿ ಅದೇ ತಮಾಷೆ. ಒಂದು ಮಾತು ಹೇಳ್ತೀನಿ ತಪ್ಪು ತಿಳ್ಕೋಬೇಡಿ, ಆಟ ಗಟ್ಟಿ ಆಗೋಕೆ ಮುಂಚೆ ನಮ್ಮ ಹತ್ರ ಬರಬೇಡಿ. ಎ4 ಹಾಳೇಲಿ ಇಸ್ಪೀಟ್ ಸೈಜಿನ ಕಾರ್ಡ್ 9 ಕೂರ್ತವೆ, ಮನೇಲೇ ಕಪ್ಪು ಬಿಳುಪು ಪ್ರಿಂಟ್ ತೆಗೆದು ಹಳೇ ಇಸ್ಪೀಟ್ ಎಲೆ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿದ್ರೆ ಕಲೆಸೋಕೆ ಸಾಕು, ನಿಯಮ ಬದಲಾದ್ರೆ ಚೀಟಿ ಮಾತ್ರ ಬದಲಾಯಿಸಿ. ಬೋರ್ಡಿಗೆ ಸನ್‌ಬೋರ್ಡ್ ಅಂದ್ರೆ ಹಗುರ ಫೋಮ್ ಹಲಗೆ ಮೇಲೆ ಸ್ಟಿಕ್ಕರ್. 300 ಜಿಎಸ್‌ಎಂ ದಪ್ಪದ ಆರ್ಟ್ ಕಾರ್ಡ್, ಲ್ಯಾಮಿನೇಶನ್, ಮೂಲೆ ರೌಂಡ್ ಕಟಿಂಗ್ ಅಂತ ಮೊದಲೇ ದುಡ್ಡು ಸುರಿದ್ರೆ ಆಮೇಲೆ ತಪ್ಪು ಕಂಡ್ರೂ ತೆಗೆಯೋಕೆ ಮನಸ್ಸು ಬರಲ್ಲ. ಚಂದ ಕಾಣೋ ಕಾರ್ಡನ್ನ ಯಾರೂ ಹರಿಯಲ್ಲ ಸಾರ್.

ಇನ್ನೊಂದು, ಮಕ್ಕಳಿಗೆ ಅಂತ ಮಾಡ್ತಿದ್ರೆ 14 ವರ್ಷದೊಳಗಿನವರ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಮಾರ್ಕ್ ಕಡ್ಡಾಯ ಐತೆ. ಡಬ್ಬಿ ಮೇಲೆ ವಯಸ್ಸು ಹಾಕೋ ಮುಂಚೆ ಯೋಚನೆ ಮಾಡಿ.

ಲಾಯರ್_ಹೊಸಪೇಟೆ_ರೋಡ್:
ಕದಿಯೋ ವಿಷಯಕ್ಕೆ ಬರ್ತೀನಿ. ನಮ್ಮ ಪೇಟೆಂಟ್ ಕಾಯ್ದೆ 1970, ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟೇ ಇಲ್ಲ. ನಿಯಮ ಬರೆದ ಮಾತು, ಚಿತ್ರ ಇವಕ್ಕೆ ಕಾಪಿರೈಟ್ ಸಿಗುತ್ತೆ, ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಬಹುದು, ಅಷ್ಟೇ. ಅಮೆರಿಕದಲ್ಲಿ ಪೇಟೆಂಟ್ ಇದ್ದೂ ಏನಾಯ್ತು? ಮೊನೊಪಲಿಯ ಮೂಲ ಆಟಕ್ಕೆ ಲಿಜ್ಜಿ ಮ್ಯಾಗಿ 1904ರಲ್ಲೇ ಪೇಟೆಂಟ್ ತಗೊಂಡಿದ್ರು, ಆದ್ರೂ ಹೆಸರು ಬಂದಿದ್ದು ಅದನ್ನ ತನ್ನದು ಅಂತ ಮಾರಿದ ಚಾರ್ಲ್ಸ್ ಡ್ಯಾರೋಗೆ, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಲಿಜ್ಜಿಯವರ ಹಕ್ಕನ್ನ ಕೊಂಡಿದ್ದು 500 ಡಾಲರಿಗೆ. ಹಾಗಾಗಿ ಬೀರು ಕೀಲಿಯಿಂದ ಉಪಯೋಗ ಕಮ್ಮಿ. ಡೇಟ್ ಹಾಕಿ ನೋಟ್‌ಬುಕ್ ಬರೆದಿಡಲಿ, ಕಂಪನಿ ಜೊತೆ ಅಗ್ರಿಮೆಂಟ್ ಓದಿ ಸೈನ್ ಹಾಕಲಿ.

ಟೀಚರ್_ರಾಯಚೂರು:
ನಮ್ಮ ಸಾಲಿ ಹುಡುಗರ ಕೈಯಾಗ ಇಂಥ ಎರಡು ಆಟ ಟೆಸ್ಟ್ ಮಾಡಿಸಿದ್ದೀವಿ. ಮಾಡಿದಾತ ಪಕ್ಕದಾಗ ನಿಂತು ‘ಹಂಗಲ್ಲ ಹಿಂಗ’ ಅಂತ ಹೇಳ್ಲಿಕ್ಕೆ ಹತ್ತಿದ, ನಾನ ಹೊರಗ ಕಳಿಸಿದೆ. ಡಬ್ಬಿ ಕೊಂಡೋರ ಮನಿಗೆಲ್ಲಾ ನೀ ಹೋಗಿ ಹೇಳ್ತೀ ಏನಪ್ಪಾ ಅಂತ. ನಿಯಮದ ಹಾಳಿ ಅಷ್ಟೇ ಕೊಟ್ಟು ದೂರ ಕೂಡಬೇಕು, ಅವರು ತಪ್ಪು ಆಡಿದ್ರ ತಪ್ಪು ಹಾಳಿದು. ಮತ್ತ ಕನ್ನಡದಾಗ ಬರೀಲಿ, ಇಂಗ್ಲಿಷ್ ಬರದು ಆಮ್ಯಾಲೆ ಕನ್ನಡಕ್ಕ ತರೋದಲ್ಲ, ಆ ಹಾಳಿ ಓದಿದ್ರ ಬ್ಯಾಂಕ್ ಫಾರಂ ಓದಿದಂಗ ಆಗ್ತದ.

ಅಪ್ಪಾರಿಗೆ ಹೇಳ್ರಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೇ ಬೋರ್ಡ್ ಗೇಮ್ ಕಟ್ಟತಿದ್ರು, ಜಗನ್ಮೋಹನ ಅರಮನಿ ಗ್ವಾಡಿ ಮ್ಯಾಲೆ ಇನ್ನೂ ಆ ಆಟದ ಚಿತ್ರ ಅವ. ಹಂಪಿ ಕಲ್ಲುಹಾಸಿನ ಮ್ಯಾಲೆ ಹುಲಿ-ಕುರಿ ಆಟದ ಮನಿ ಕೆತ್ತಿದ್ದು ನೋಡೇ ಇರ್ತಾರ. ಮಹಾರಾಜರಿಗೆ ಪಗಾರದ ಚಿಂತಿ ಇರಲಿಲ್ಲ ಅನ್ನೋದು ಬ್ಯಾರೆ ಮಾತು.

ಮಾನ್ವಿ_ಹುಡುಗ:
ಎಲ್ಲಾರಿಗೂ ಥ್ಯಾಂಕ್ಸ್ ರೀ. 30 ರೂಪಾಯಿ ಲೆಕ್ಕ ತಮ್ಮಗ ತೋರಿಸಿದೆ, ಸುಮ್ಮನ ಆದ, ಆಮ್ಯಾಲೆ ಮನಿಂದ ಮಾಡೋ ಟೆಸ್ಟಿಂಗ್ ಕೆಲಸ ಹುಡುಕ್ತೀನಿ ಅಂದ, ನೋಡಬೇಕು. ಅಪ್ಪಾರಿಗೆ ಗಂಗಾವತಿ ಅಣ್ಣನ ಕಾಲುವಿ ಆಟ ಓದಿ ಹೇಳಿದೆ. ನಮ್ಮ ಹೊಲ ಕಾಲುವಿ ಕೊನಿಗೇ ಅದ. ‘ಕೊನೆಯವ ಅರ್ಧ ತಾಸಿಗೆ ಬ್ಯಾಸರ ಮಾಡ್ಕೋತಾನಂತ? ನಾನು ಮೂವತ್ತು ವರ್ಷದಿಂದ ಆಡ್ಲಿಕತ್ತೀನಿ’ ಅಂದ್ರು. ಅಲ್ಲೇ ಬಿಡಲಿಲ್ಲ, ಕೊನೆಯವ ಭತ್ತ ಹಚ್ಚಂಗಿಲ್ಲ, ಹತ್ತಿ ಹಚ್ಚಿ ರಾತ್ರಿ ತೂಬಿನ ಹತ್ರ ಮಲಗ್ತಾನ, ಅದು ಆಟದಾಗ ಅದನ ಇಲ್ಲ ಕೇಳು ಅಂತ ಹೇಳ್ಯಾರ.

ಕವಡಿ_ಗಂಗಾವತಿ:
ಇಲ್ರೀ! ರಾತ್ರಿ ಪಾಳಿ ಅನ್ನೋದೇ ಇಲ್ಲ ಆಟದಾಗ. ಎಲ್ಲಾರೂ ನೀರು ತಗೊಂಡ ಮ್ಯಾಲೆ ಕೊನೆಯವಗ ಒಂದು ಗುಟ್ಟಿನ ಪಾಳಿ ಕೊಟ್ರ ಅವ ಮೊಬೈಲ್ ತಗಿಯಂಗಿಲ್ಲ ಅನಸ್ತೈತಿ, ಇವತ್ತ ರಾತ್ರಿನ ಚೀಟಿ ಬರಿತೀನಿ. ಐತವಾರ ಸಂಜಿಗೆ ನಮ್ಮಲ್ಲಿ ನಾಕು ಮಂದಿ ಕೂಡ್ತೀವಿ, ತಮ್ಮಗ ಬೀರುದಾಗಿಂದು ಪೆನ್ಸಿಲ್ ಕಾಪಿನ ತರಾಕ ಹೇಳ್ರಿ. ಅವ ಬರಲಿಕ್ಕಂದ್ರೂ ನಡೀತೈತಿ, ಅಪ್ಪಾರನ್ನ ಮಾತ್ರ ಕರಕೊಂಡು ಬರ್ರಿ, ಬಸ್ ಚಾರ್ಜ್ ನಂದು.