3 ವಾರದ ಕೂಸು ಕ್ಯಾರಿಯರ್‌ನಲ್ಲಿ ಜಾರ್ತಿದೆ, ಗದ್ದ ಎದೆಗೆ ಒತ್ತಿಕೊಳ್ತಿದೆ: ಏನು ಸರಿಮಾಡಬೇಕು?

ಕೋಡಿಬಾಗದ ಅಮ್ಮ, ಕಾರವಾರ
ಕೂಸಿನ ತೂಕ 3.4 ಕೆ.ಜಿ. ಬಕಲ್ ಇರೋ ಕ್ಯಾರಿಯರ್ (ಕೂಸನ್ನು ಎದೆಗೆ ಕಟ್ಟಿಕೊಳ್ಳೋ ಚೀಲ), ಲೇಬಲ್ ಮೇಲೆ 3.2 ಕೆ.ಜಿ.ಯಿಂದ ಅಂತ ಇದೆ. ಹಾಕಿದ ಐದು ನಿಮಿಷಕ್ಕೆ ಕೂಸು ಕೆಳಗೆ ಕುಸಿದು ಗದ್ದ ಎದೆಗೆ ತಾಗುತ್ತೆ. ನನಗೆ ಭುಜ, ಸೊಂಟ ಎರಡೂ ನೋವು, ಹೆರಿಗೆ ಸಿಸೇರಿಯನ್. ಕಾಲು ಅಗಲಿಸಿ ಕೂರಿಸಿದರೆ ಸೊಟ್ಟ ಆಗುತ್ತೆ ಅಂತಾರೆ ಅತ್ತೆ. ಈ ಸೆಕೆಯಲ್ಲಿ ಎಷ್ಟು ಹೊತ್ತು ಹಾಕಬಹುದು? ಮುಂದಿನ ತಿಂಗಳು ಬಸ್ಸಲ್ಲಿ ಶಿರಸಿಗೆ ಹೋಗೋದಿದೆ.

ನರ್ಸ್ ಅಕ್ಕ, ಕುಮಟಾ
ತಂಗಿ, ಮೊದಲು ಗದ್ದ. ಉಳಿದದ್ದೆಲ್ಲ ಆಮೇಲೆ. ಹಸುಗೂಸಿನ ತಲೆ ಭಾರ, ಕುತ್ತಿಗೆಗೆ ಬಲ ಇಲ್ಲ, ಶ್ವಾಸನಾಳ ಮೆತ್ತಗೆ. ಗದ್ದ ಎದೆಗೆ ಮಡಚಿದರೆ ಉಸಿರಿನ ದಾರಿ ಕಿರಿದಾಗುತ್ತೆ, ಕೂಸು ಅಳೋದೂ ಇಲ್ಲ, ಸುಮ್ಮನೆ ನಿದ್ದೆ ಮಾಡಿದ ಹಾಗೆ ಕಾಣುತ್ತೆ. ಮೊದಲ ನಾಲ್ಕು ತಿಂಗಳು ಈ ಅಪಾಯ ಹೆಚ್ಚು. ಗದ್ದದ ಕೆಳಗೆ ನಿಮ್ಮ ಎರಡು ಬೆರಳು ಹಿಡಿಸುವಷ್ಟು ಜಾಗ ಯಾವಾಗಲೂ ಇರಬೇಕು.

ಕುಸಿಯೋದಕ್ಕೆ ಕಾರಣ ಸಡಿಲ. ಹಾಕುವ ಕ್ರಮ ಹೀಗಿರಲಿ: ಮೊದಲ ಸಲ ಮಂಚದ ಮೇಲೆ ಕೂತೇ ಹಾಕಿ. ಸೊಂಟದ ಬೆಲ್ಟ್ ಹೊಕ್ಕುಳಿಗಿಂತ ಮೇಲೆ ಬಿಗಿ ಮಾಡಿ. ಗಾಯದ ಮೇಲೆ ಒತ್ತಡ ಬೀಳಬಾರದು. ಕೂಸನ್ನು ಎದೆಗೆ ಆನಿಸಿ, ಬಟ್ಟೆಯನ್ನು ಕತ್ತಿನ ಹಿಂಭಾಗದವರೆಗೆ ಎಳೆಯಿರಿ, ಕಿವಿ ಮುಚ್ಚಬೇಡಿ. ಒಂದು ಕೈ ಬೆನ್ನಿಗೆ ಕೊಟ್ಟುಕೊಂಡೇ ಭುಜದ ಪಟ್ಟಿ ಎರಡೂ ಕಡೆ ಸರಿಸಮ ಎಳೆಯಿರಿ. ಈಗ ಸ್ವಲ್ಪ ಮುಂದೆ ಬಗ್ಗಿ ನೋಡಿ: ಕೂಸು ನಿಮ್ಮ ಎದೆ ಬಿಟ್ಟು ದೂರ ಹೋದರೆ ಇನ್ನೂ ಸಡಿಲ ಇದೆ ಅಂತ. ತಲೆ ನಿಮ್ಮ ತುಟಿಗೆ ಎಟುಕಬೇಕು. ಮುಖ ಸದಾ ಕಾಣಬೇಕು, ಸೆರಗು ಅಥವಾ ದುಪಟ್ಟಾ ಮೇಲೆ ಹೊದಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಗದ್ದ ಬಿದ್ದರೆ ಆ ಕ್ಯಾರಿಯರ್ ಸದ್ಯ ಎತ್ತಿಡಿ. ಲೇಬಲ್‌ನ ತೂಕ ದಾಟಿದೆ ಅಂದ ಮಾತ್ರಕ್ಕೆ ಅಳತೆ ಸರಿಹೊಂದಿತು ಅಂತಲ್ಲ. ನವಜಾತ ಶಿಶುವಿಗೆ ಒಳಗೆ ಇಡೋ ಮೆತ್ತೆ ಬೇಕೆಂದು ಅದರ ಪುಸ್ತಿಕೆಯಲ್ಲಿ ಇದೆಯೇ ನೋಡಿ. ಮನೆಯ ಟವೆಲ್ ಮಡಚಿ ತುರುಕಬೇಡಿ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ, ನೆಗಡಿ-ಉಸಿರಾಟದ ತೊಂದರೆ ಇರುವ ಕೂಸಾದರೆ ಮಕ್ಕಳ ಡಾಕ್ಟರನ್ನು ಕೇಳದೆ ಹಾಕಲೇಬಾರದು.

ಶಿರಸಿ ಫಿಜಿಯೋ
ಅತ್ತೆಯವರ ಆತಂಕಕ್ಕೆ: ಕೂಸಿನ ಕಾಲು ಹುಟ್ಟುವಾಗಲೇ ಸ್ವಲ್ಪ ಬಾಗಿರುತ್ತೆ, ಹೊಟ್ಟೆಯೊಳಗೆ ಮಡಚಿಕೊಂಡಿದ್ದ ಕಾರಣಕ್ಕೆ. ಅದು ಎರಡು ವರ್ಷದ ಹೊತ್ತಿಗೆ ತಾನೇ ನೆಟ್ಟಗಾಗುತ್ತೆ. ಹಾನಿ ಮಾಡೋದು ಎರಡೂ ಕಾಲು ನೀಳವಾಗಿ ಸೇರಿಸಿ ಬಿಗಿಯಾಗಿ ಸುತ್ತಿಡೋದು. ಅದರಿಂದ ಸೊಂಟದ ಕೀಲು ಜಾರುವ ಸಾಧ್ಯತೆ ಹೆಚ್ಚುತ್ತೆ. ಕ್ಯಾರಿಯರ್‌ನಲ್ಲಿ ಮೊಣಕಾಲು ಅಂಡಿಗಿಂತ ಮೇಲಿರಬೇಕು, ಕಪ್ಪೆ ಕೂತ ಹಾಗೆ. ಬಟ್ಟೆ ಒಂದು ಮೊಣಕಾಲಿನ ಹಿಂದಿನಿಂದ ಇನ್ನೊಂದರವರೆಗೆ ತೊಡೆಗೆ ಆಧಾರ ಕೊಡಬೇಕು. ಕೂಸು ಚಿಕ್ಕದಾಗಿ ಬಟ್ಟೆ ಅಗಲ ಹೆಚ್ಚಾದರೆ ಕಾಲನ್ನು ಬಲವಂತವಾಗಿ ಎಳೆದು ಅಗಲಿಸಬೇಡಿ, ಬುಡ ಕಿರಿದು ಮಾಡುವ ಗುಂಡಿ ಇರುವ ಮಾದರಿ ಬೇಕು. ಹೊಟ್ಟೆಯಲ್ಲಿ ಅಂಡು ಕೆಳಗಾಗಿದ್ದ ಕೂಸಾದರೆ ಅಥವಾ ಮನೆಯಲ್ಲಿ ಯಾರಿಗಾದರೂ ಈ ಕೀಲಿನ ತೊಂದರೆ ಇದ್ದರೆ ಕೀಲನ್ನು ಪರೀಕ್ಷೆ ಮಾಡಿಸಿ.

ನಿಮ್ಮ ನೋವು: ಭಾರ ಕೆಳಗೆ ಇದ್ದಷ್ಟೂ ಬೆನ್ನು ಹಿಂದಕ್ಕೆ ಬಾಗುತ್ತೆ. ಕೂಸು ಮೇಲೇರಿದರೆ ಅರ್ಧ ನೋವು ಕಡಿಮೆ. ಬೆನ್ನಿನ ಹಿಂದಿನ ಅಡ್ಡಪಟ್ಟಿ ಕುತ್ತಿಗೆಗೆ ಏರದಿರಲಿ. ಮೊದಲ ವಾರ 15-20 ನಿಮಿಷ ಸಾಕು. ಏನನ್ನಾದರೂ ಎತ್ತುವಾಗ ಮಂಡಿ ಮಡಚಿ, ಸೊಂಟ ಬಗ್ಗಿಸಬೇಡಿ.

ಬಟ್ಟೆ ಕಟ್ಟೋರು, ಅಂಕೋಲಾ
ಕರಾವಳಿ ಸೆಕೆಗೆ ಬಕಲ್‌ಗಿಂತ ತೆಳು ಹತ್ತಿ ರ‍್ಯಾಪ್ ವಾಸಿ: ಮೈಗೆ ಸುತ್ತಿ ಕೂಸನ್ನು ಕಟ್ಟಿಕೊಳ್ಳೋ ಉದ್ದ ಬಟ್ಟೆ, ಸುಮಾರು 4.5-5 ಮೀಟರ್ ಉದ್ದ, 60-70 ಸೆಂ.ಮೀ. ಅಗಲ. ಹಳೇ ಸೀರೆ ಉಪಯೋಗಿಸೋರು ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಸವೆದಿದ್ದರೆ ಬೇಡ. ಸಿಂಥೆಟಿಕ್ ಸೀರೆಯ ಗಂಟು ಜಾರುತ್ತೆ. ರಿಂಗ್ ಸ್ಲಿಂಗ್‌ಗೆ (ಉಂಗುರದಲ್ಲಿ ತೂರಿಸಿ ಒಂದು ಭುಜಕ್ಕೆ ಹಾಕೋ ಬಟ್ಟೆಗೆ) ಬೆಸುಗೆ ಇಲ್ಲದ, ಸ್ಲಿಂಗಿಗೆಂದೇ ಮಾಡಿದ ಉಂಗುರ ಮಾತ್ರ. ಕೂಸಿಗೆ ಒಂದೇ ಪದರ ಬಟ್ಟೆ. ಕ್ಯಾರಿಯರ್ ಕೂಡ ಒಂದು ಪದರ ಅಂತ ಲೆಕ್ಕ ಹಾಕಿ. ಕೈಕಾಲು ಮುಟ್ಟಿ ನೋಡಬೇಡಿ, ಕತ್ತಿನ ಹಿಂದೆ ಮುಟ್ಟಿ. ಅಲ್ಲಿ ಒದ್ದೆ, ಬಿಸಿ ಇದ್ದರೆ ತಕ್ಷಣ ಹೊರತೆಗೆಯಿರಿ.

ಬಸ್ಸಲ್ಲಿ ಕೂತೇ ಇರಿ, ಬಾಗಿಲ ಪಕ್ಕದ ಸೀಟು ಬೇಡ. ದೇವಿಮನೆ ಘಟ್ಟದ ತಿರುವಿನಲ್ಲಿ ಒಂದು ಕೈ ತಲೆಯ ಹಿಂದೆ ಇರಲಿ. ಕ್ಯಾರಿಯರ್ ಅಪಘಾತದಲ್ಲಿ ರಕ್ಷಣೆ ಕೊಡೋದಿಲ್ಲ. ಸ್ಕೂಟರಿಗಂತೂ ಬೇಡವೇ ಬೇಡ. ಒಲೆ ಮುಂದೆ, ಬಿಸಿ ಚಹಾ ಕೈಯಲ್ಲಿ ಇದ್ದಾಗಲೂ ಹಾಕಬೇಡಿ.

ಕೋಡಿಬಾಗದ ಅಮ್ಮ
ಪಟ್ಟಿ ಬಿಗಿ ಮಾಡಿದ ಮೇಲೆ ಗದ್ದ ಮೇಲೆ ನಿಂತಿದೆ. ಅದರಲ್ಲೇ ಹಾಲು ಕುಡಿಸಬಹುದಾ?

ನರ್ಸ್ ಅಕ್ಕ, ಕುಮಟಾ
ಈಗಲೇ ಬೇಡ, ತಂಗಿ. ಕುಡಿಸುವಾಗ ಪಟ್ಟಿ ಸಡಿಲಿಸಿ ಕೆಳಗಿಳಿಸಬೇಕು, ಮುಗಿದ ಮೇಲೆ ಮತ್ತೆ ಮೇಲೇರಿಸಿ ಬಿಗಿಯಬೇಕು. ಅದನ್ನು ಮರೆತಾಗಲೇ ಮೂಗು ಎದೆಗೆ ಒತ್ತಿಕೊಳ್ಳೋದು. ಹೊರಗೆ ತೆಗೆದು ಕುಡಿಸಿ, ತೇಗು ತೆಗೆಸಿ, ಆಮೇಲೆ ಹಾಕಿಕೊಂಡರೆ ಅಡ್ಡಿಲ್ಲ.