ಅಪ್‌ಡೇಟ್: ರನ್‌ಫ್ಲಾಟ್ ಬಿಟ್ಟೆ, ಸಾದಾ ಟೈರ್ ಹಾಕಿಸಿದೆ

ಎರಡು ತಿಂಗಳ ಹಿಂದೆ ಕೇಳಿದ್ದೆ: ನನ್ನ ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಸೆಡಾನ್‌ನ ರನ್‌ಫ್ಲಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು) ಸವೆದಿವೆ, ಮತ್ತೆ ಅವನ್ನೇ ಹಾಕಿಸಲಾ, ಸಾದಾ ಹಾಕಿಸಲಾ ಅಂತ. ಕೊನೆಗೆ ನಾಲ್ಕೂ ಸಾದಾ ಹಾಕಿಸಿದೆ. ಅಂಗಡಿಯವನು "ಮುಂದಿನ ಎರಡಷ್ಟೇ ಬದಲಿಸ್ರಿ, ರೊಕ್ಕ ಉಳಿತದ" ಎಂದಿದ್ದ. ಕೇಳಲಿಲ್ಲ. ಎರಡು ಜಾತಿ ಬೆರೆಸಿದರೆ ಕಾರಿನ ಹಿಡಿತವೇ ಕೆಡುತ್ತೆ, ಅಲ್ವಾ?

ಗಾಳಿ ಹೋದರೂ ಭಾರ ಹೊರಬೇಕಲ್ಲ, ಅದಕ್ಕೇ ರನ್‌ಫ್ಲಾಟ್‌ನ ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ಗಟ್ಟಿ. ಹುಬ್ಬಳ್ಳಿಯ ಗೋಕುಲ ರೋಡಿನ ಗುಂಡಿಗಳು ಸೀದಾ ಸೊಂಟಕ್ಕೆ ಬಡಿಯುತ್ತಿದ್ದವು. ಈಗ 'ಧಬ್' ಅನ್ನುತ್ತವೆ, ಅಷ್ಟೇ. ಹಿಂದೆ ಕೂತಿದ್ದ ಅವ್ವ "ಕಾರ್ ಬದ್ಲಿ ಮಾಡಿಯೇನು?" ಎಂದು ಕೇಳಿದಳು. ತಿರುವಿನಲ್ಲಿ ಮಾತ್ರ ಸ್ಟೇರಿಂಗ್ ಒಂಚೂರು ಮೆತ್ತಗಾಗಿದೆ.

ಭಯವಿದ್ದದ್ದು ಪಂಕ್ಚರ್‌ದು. ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲ. ರನ್‌ಫ್ಲಾಟ್ ಇದ್ದರೆ ಗಂಟೆಗೆ 80 ಕಿ.ಮೀ. ಮೀರದಂತೆ ಸಾಮಾನ್ಯವಾಗಿ ಇನ್ನೂ 80 ಕಿ.ಮೀ. ಓಡಿಸಬಹುದು. ಹೋದ ವಾರ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟಾಗ ಪ್ರೆಶರ್ ಲೈಟ್ ಹತ್ತಿತು. ಹಿಂದಿನ ಎಡ ಟೈರಿನಲ್ಲಿ ಎರಡಿಂಚಿನ ಮೊಳೆ. ಜತೆಗಿದ್ದ ಪಂಕ್ಚರ್ ಕಿಟ್ ತೆಗೆದೆ. ಮೊಳೆಯನ್ನು ಇಕ್ಕಳದಿಂದ ಕಿತ್ತೆ, ಅಂಟು ಹಚ್ಚಿದ ರಬ್ಬರ್ ಸ್ಟ್ರಿಪ್ ತುರುಕಿದೆ, ಸಣ್ಣ ಕಂಪ್ರೆಸರ್‌ನಿಂದ ಗಾಳಿ ತುಂಬಿದೆ. 25 ನಿಮಿಷ ಹಿಡಿಯಿತು, ಅಂಗಿಯೆಲ್ಲ ಮಣ್ಣು. ಸೈಡ್‌ವಾಲೇ ಹರಿದಿದ್ದರೆ ಈ ಕಿಟ್ ಕೆಲಸಕ್ಕೆ ಬರುತ್ತಿರಲಿಲ್ಲ, ಟೋ ಗಾಡಿಗೆ ಕಾಯಬೇಕಿತ್ತು.

ಮುಂದಿನ ವಾರ ಅದೇ ದಾರಿಯಲ್ಲಿ ಅಂಕೋಲಾಗೆ ಹೊರಟಿದ್ದೇನೆ. ಈ ಸಲ ಡಿಕ್ಕಿಯಲ್ಲಿ ಹಳೇ ಅಂಗಿಯೂ ಇರುತ್ತೆ.